ಮರಿ ಕಚ್ಚಿದರೂ ನಾಯಿ ಕಚ್ಚಿದ ಹಾಗೆಯೇ

ಕೊಯ್ಲಿನ ದಿನಗಳಲ್ಲಿ ಸದಸ್ಯ ಬಾಂಧವರಿಗೆ ಬಿಡುವಿರುವುದಿಲ್ಲ ಎಂಬುದು ನಮಗೆ ಗೊತ್ತಿರುವ ಸಂಗತಿಯೇ. ಒಂದು ಕಡೆ ಅಡಿಕೆ ಕೊನೆ ಇಳಿಯುತ್ತಿರುತ್ತದೆ, ಬೇಯಿಸುವ ಒಲೆ ಉರಿಯುತ್ತಿರುತ್ತದೆ, ಇನ್ನೊಂದು ಕಡೆ ಅರೇಬಿಕಾ ಹಣ್ಣಾಗಿ ಆಳಿಗಾಗಿ ಕಾದಿರುತ್ತದೆ. ಇದೇ ಹೊತ್ತಿಗೆ ನಮ್ಮಲ್ಲಿ ಮತ್ತೊಂದು ಬೆಳೆಯೂ ಬರುತ್ತದೆ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಳೆ ಹಿಂದೆ ಸರಿಯುತ್ತಲೇ ಬೆದೆಗೆ ಬಂದ ನಾಯಿಗಳು ಸುಮಾರು 63 ದಿನಕ್ಕೆ ಮರಿ ಹಾಕುತ್ತವೆ. ಹೀಗಾಗಿ ಅಡ್ಡಗದ್ದೆಯಿಂದ ಕಿಗ್ಗದವರೆಗೆ, ಅತ್ತ ಕೊಪ್ಪ, ನರಸಿಂಹರಾಜಪುರದ ಕಡೆಗೂ, ಕಾಫಿ ಕಣದಲ್ಲಿ ಹಣ್ಣು ಹರಡುವ ಕಾಲಕ್ಕೆ ಸರಿಯಾಗಿ ಮನೆಮನೆಯ ಕೊಟ್ಟಿಗೆಯಲ್ಲಿ, ಸೌದೆ ಕೊಟ್ಟಿಗೆಯ ಮೂಲೆಯಲ್ಲಿ, ಲೈನ್ ಮನೆಗಳ ಹಿಂದೆ ನಾಯಿಮರಿಗಳು ಕುಂಯ್‌ಗುಟ್ಟುತ್ತಿರುತ್ತವೆ.

ಮರಿ ಎಂದರೆ ಎಲ್ಲರಿಗೂ ಅಕ್ಕರೆ. ಬಚ್ಚಲ ಒಲೆಯ ಬೂದಿಯಲ್ಲಿ ಹೊರಳಿ ಬಂದ ಮರಿಯನ್ನು ಬೈಯುತ್ತಲೇ ಎತ್ತಿಕೊಳ್ಳುವವರು ನಮ್ಮ ಮನೆಯ ಹೆಂಗಸರು. ರಾತ್ರಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವವರ ಸೆರಗನ್ನು ಅದು ಎಳೆಯುತ್ತದೆ, ಕಾಲ್ಬೆರಳು ಕಚ್ಚುತ್ತದೆ. ಲೈನಿನಲ್ಲಂತೂ ತಂದೆತಾಯಿ ಹಣ್ಣು ಕೊಯ್ಯಲು ಹೋದ ಮೇಲೆ ಉಳಿದ ಮಕ್ಕಳಿಗೆ ಸಂಜೆಯ ತನಕ ಮರಿಯೇ ಆಟದ ಸಾಮಾನು. ಆಡುವಾಗ ಕೈಗೆ ಹಲ್ಲು ತಗಲುತ್ತದೆ. ಒಂದು ಹನಿ ರಕ್ತ ಬಂದರೆ ಲಂಗಕ್ಕೆ ಒರೆಸಿಕೊಂಡು ಮತ್ತೆ ಆಟ. ಮನೆಯಲ್ಲಿ ಹೇಳಿದರೆ ಸಿಗುವ ಉತ್ತರವೂ ಒಂದೇ: "ಮರಿ ಕಣೇ, ಇನ್ನೂ ಹಾಲುಹಲ್ಲು, ಏನೂ ಆಗಲ್ಲ."

ಈ ಹಾಲುಹಲ್ಲಿನ ಮಾತನ್ನೇ ಮೊದಲು ನೋಡೋಣ. ಮರಿಗೆ ಮೂರು ವಾರ ತುಂಬುತ್ತಿದ್ದಂತೆ ಹಲ್ಲು ಮೊಳೆಯುತ್ತವೆ. ಎರಡು ತಿಂಗಳೊಳಗೆ 28 ಹಲ್ಲುಗಳೂ ಬಂದಿರುತ್ತವೆ. ಅವು ಸೂಜಿಯಂತೆ ಸಣ್ಣವು, ಚೂಪಾದವು. ದೊಡ್ಡ ನಾಯಿ ಕಚ್ಚಿದರೆ ಚರ್ಮ ಹರಿಯುತ್ತದೆ, ಗಾಯ ಕಣ್ಣಿಗೆ ಕಾಣುತ್ತದೆ, ಮನೆಮಂದಿ ಗಾಬರಿಯಿಂದ ಆಸ್ಪತ್ರೆಗೆ ಓಡುತ್ತಾರೆ. ಮರಿ ಕಚ್ಚಿದರೆ ಚುಕ್ಕೆಯಷ್ಟು ತೂತು ಬೀಳುತ್ತದೆ, ಸಂಜೆಗೆ ಮುಚ್ಚಿಯೂ ಹೋಗುತ್ತದೆ. ರೇಬೀಸ್ ರೋಗಾಣು ಇರುವುದು ಎಂಜಲಿನಲ್ಲಿ. ಒಳಹೋಗಲು ಅದಕ್ಕೆ ಆ ಚುಕ್ಕೆಯಷ್ಟು ದಾರಿ ಸಾಕು. ಅದರಲ್ಲೂ ಮರಿ ಕಚ್ಚುವುದು ಹೆಚ್ಚಾಗಿ ಬೆರಳಿಗೆ. ಬೆರಳ ತುದಿಯಲ್ಲಿ ನರಗಳು ದಟ್ಟವಾಗಿರುತ್ತವೆ, ಮತ್ತು ಈ ರೋಗಾಣು ಮಿದುಳಿಗೆ ಏರುವುದು ನರದ ದಾರಿಯಲ್ಲೇ.

ಹಾಗಾದರೆ ಎಳೆಯ ಮರಿಗೆ ರೋಗ ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಮರಿ ಹುಟ್ಟುವಾಗ ರೋಗ ಹೊತ್ತು ಬರುವುದಿಲ್ಲ. ಆದರೆ ರೋಗ ಹಿಡಿದ ತಾಯಿ ನೆಕ್ಕುವುದರಿಂದ, ಕಚ್ಚುವುದರಿಂದ ಬರಬಹುದು. ರಾತ್ರಿ ಕಣದ ಬಳಿ ಸುಳಿದ ಯಾವುದೋ ನಾಯಿ ಮರಿಗಳ ಮೇಲೆ ಬಿದ್ದು ಹೋಗಿರಬಹುದು. ಕಚ್ಚಿಸಿಕೊಂಡ ನಾಯಿಗೆ ರೋಗ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಕೆಲವು ವಾರಗಳಿಂದ ಒಂದೆರಡು ತಿಂಗಳು ಬೇಕು. ಒಂದು ತಿಂಗಳ ಮರಿಗೆ ಸೋಂಕು ತಗಲಿದರೆ ಅದು ಎರಡು, ಎರಡೂವರೆ ತಿಂಗಳಲ್ಲಿ ಹೊರಬೀಳಬಹುದು. ನಾವು ಮರಿಯನ್ನು ತಾಯಿಯಿಂದ ಬಿಡಿಸಿ ನೆಂಟರಿಗೆ, ಪಕ್ಕದ ತೋಟದವರಿಗೆ ಕೊಡುವುದೂ, ಮಕ್ಕಳು ಅದರೊಡನೆ ಹೊತ್ತು ಕಳೆಯುವುದೂ ಆ ವಯಸ್ಸಿನಲ್ಲೇ. ನಮ್ಮಲ್ಲಿ ನಾಯಿಗೆ ರೇಬೀಸ್ ಲಸಿಕೆ ಹಾಕುವ ವಾಡಿಕೆ ಮೂರು ತಿಂಗಳಿಗೆ. ಅಂದರೆ ಅತಿ ಹೆಚ್ಚು ಕಚ್ಚುವ ವಯಸ್ಸಿನ ಮರಿಗೇ ಲಸಿಕೆಯ ಕಾವಲಿಲ್ಲ. ತಾಯಿಗೆ ಲಸಿಕೆ ಆಗಿದ್ದರೆ ಅದರ ಹಾಲಿನಿಂದ ಮರಿಗೆ ಒಂದಿಷ್ಟು ಶಕ್ತಿ ಬರುತ್ತದೆ ನಿಜ. ಮನುಷ್ಯನ ಜೀವವನ್ನು ಅದರ ಭರವಸೆಯ ಮೇಲೆ ಬಿಡುವಂತಿಲ್ಲ.

ಮರಿಯಲ್ಲಿ ರೋಗದ ರೂಪವೂ ಮೋಸದ್ದು. ಬಾಯಲ್ಲಿ ನೊರೆ ಸುರಿಸುತ್ತ ರಸ್ತೆಯುದ್ದಕ್ಕೂ ಓಡುವ ಹುಚ್ಚುನಾಯಿಯ ಚಿತ್ರ ನಮ್ಮ ತಲೆಯಲ್ಲಿದೆ. ಮರಿ ಹಾಗೆ ಮಾಡದೆಯೂ ಇರಬಹುದು. ಮಂಕಾಗುತ್ತದೆ, ಕತ್ತಲ ಮೂಲೆ ಹುಡುಕುತ್ತದೆ, ಕೂಗುವ ಸ್ವರ ಬದಲಾಗುತ್ತದೆ, ಮಣ್ಣು, ಕಡ್ಡಿ ತಿನ್ನಲು ಹೋಗುತ್ತದೆ, ಕೆಳದವಡೆ ಜೋತುಬಿದ್ದು ಜೊಲ್ಲು ಸುರಿಯುತ್ತದೆ, ಹಿಂಗಾಲು ಬೀಳುತ್ತದೆ. ದವಡೆ ಜೋತದ್ದನ್ನು ನೋಡಿ ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಬಾಯಿಗೆ ಬೆರಳು ಹಾಕುವ ದಯಾವಂತರು ಎಲ್ಲ ಊರಿನಲ್ಲೂ ಇರುತ್ತಾರೆ. ಅವರಿಗೆ ಮರಿ ಕಚ್ಚಬೇಕೆಂದೇ ಇಲ್ಲ, ಬೆರಳ ತರಚಿಗೆ ತಗಲಿದ ಎಂಜಲೇ ಸಾಕು. ಇನ್ನು "ನೀರು ಕುಡಿಯಿತಲ್ಲ, ಹುಚ್ಚಲ್ಲ" ಎಂಬ ಪರೀಕ್ಷೆ. ನೀರಿನ ಭಯ ಕಾಣಿಸುವುದು ಮನುಷ್ಯರಲ್ಲಿ. ರೇಬೀಸ್ ಹಿಡಿದ ನಾಯಿಗೆ ನೀರಿನ ಭಯವಿಲ್ಲ, ಅದು ನೀರಿಗೆ ಬಾಯಿ ಇಡುತ್ತದೆ. ತಟ್ಟೆಯಲ್ಲಿ ನೀರಿಟ್ಟು ನೋಡುವುದರಿಂದ ಏನೂ ತಿಳಿಯುವುದಿಲ್ಲ.

ಎರಡು ಮೂರು ದಿನದಲ್ಲಿ ಮರಿ ಸಾಯುತ್ತದೆ. ಹುಳ ಆಗಿತ್ತು ಎನ್ನುತ್ತೇವೆ, ವಾಂತಿಭೇದಿ ಎನ್ನುತ್ತೇವೆ, ಚಳಿಗೆ ಹೋಯಿತು ಎನ್ನುತ್ತೇವೆ. ಬಹುಪಾಲು ಮರಿಗಳು ಸಾಯುವುದು ಅಂಥ ಕಾರಣಗಳಿಂದಲೇ ಇರಬಹುದು. ಆದ್ದರಿಂದಲೇ ಬೇರೆ ಕಾರಣದ ಸಾವನ್ನು ಗುರುತಿಸುವವರಿಲ್ಲ. ಬಾಳೆ ಬುಡದಲ್ಲಿ ಗುಂಡಿ ತೆಗೆದು ಹೂಳುತ್ತೇವೆ, ಯಾರಿಗೆ ಕಚ್ಚಿತ್ತು ಎಂದು ಕೇಳುವುದಿಲ್ಲ. ಇದಕ್ಕೆ ಹೋಲಿಸಿ ನೋಡಿ: ತೋಟದಲ್ಲಿ ಒಂದು ಮಂಗ ಸತ್ತು ಬಿದ್ದಿದ್ದರೆ ಇವತ್ತು ನಮ್ಮ ಮಕ್ಕಳೂ ಹತ್ತಿರ ಹೋಗುವುದಿಲ್ಲ, ಆಶಾ ಕಾರ್ಯಕರ್ತೆಗೆ ಸುದ್ದಿ ಹೋಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದ ಮೇಲೆ ಮಲೆನಾಡು ಕಲಿತ ಪಾಠ ಅದು. ಸತ್ತ ಮರಿಯ ವಿಷಯದಲ್ಲಿ ಅಷ್ಟು ಎಚ್ಚರ ನಮಗೆ ಬಂದಿಲ್ಲ.

ಉತ್ತರ ಪ್ರದೇಶದ ಬುಲಂದ್‌ಶಹರ್ ಜಿಲ್ಲೆಯಲ್ಲಿ 2025ರಲ್ಲಿ ನಡೆದದ್ದನ್ನು ಹಲವರು ಪತ್ರಿಕೆಗಳಲ್ಲಿ ಓದಿರಬಹುದು. ಇಪ್ಪತ್ತೆರಡು ವರ್ಷದ, ರಾಜ್ಯಮಟ್ಟದಲ್ಲಿ ಆಡಿದ ಕಬಡ್ಡಿ ಆಟಗಾರ. ಚರಂಡಿಗೆ ಬಿದ್ದಿದ್ದ ನಾಯಿಮರಿಯನ್ನು ಕರುಣೆಯಿಂದ ಎತ್ತಿದ. ಅದು ಬೆರಳು ಕಚ್ಚಿತು. ಸಣ್ಣ ಗಾಯವೆಂದು ಆತ ಚುಚ್ಚುಮದ್ದು ಹಾಕಿಸಿಕೊಳ್ಳಲಿಲ್ಲ. ಸುಮಾರು ಎರಡು ತಿಂಗಳ ನಂತರ ಕೈ ಜೋಮು ಹಿಡಿಯಿತು, ನೀರು ಕಂಡರೆ ಹೆದರಿಕೆ ಶುರುವಾಯಿತು. ಜೂನ್ ತಿಂಗಳ ಕೊನೆಯಲ್ಲಿ ತೀರಿಕೊಂಡ. ಕಬಡ್ಡಿ ಆಡುವ ಗಟ್ಟಿಮುಟ್ಟಾದ ದೇಹ. ಈ ರೋಗಕ್ಕೆ ದೇಹಬಲದ ಲೆಕ್ಕವಿಲ್ಲ.

ಕಚ್ಚಿದ ಮೇಲೆ ರೋಗ ಹೊರಬೀಳಲು ಮನುಷ್ಯರಲ್ಲಿ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು. ಕೆಲವರಲ್ಲಿ ವಾರದೊಳಗೆ, ಅಪರೂಪಕ್ಕೆ ವರ್ಷವೂ ಆಗುವುದುಂಟು. ನಮ್ಮ ರಾಜ್ಯದಲ್ಲೇ, ದಾವಣಗೆರೆಯಲ್ಲಿ, ಅದೇ 2025ರ ಏಪ್ರಿಲ್‌ನಲ್ಲಿ ನಾಯಿ ಕಚ್ಚಿದ ನಾಲ್ಕು ವರ್ಷದ ಹೆಣ್ಣುಮಗು ಆಗಸ್ಟ್‌ನಲ್ಲಿ ತೀರಿಹೋಯಿತು. ಈ ನಡುವಿನ ದಿನಗಳಲ್ಲಿ ಮಾತ್ರ ನಮಗೆ ಅವಕಾಶವಿರುವುದು. ಒಮ್ಮೆ ಲಕ್ಷಣ ಕಾಣಿಸಿತೆಂದರೆ ಮಣಿಪಾಲಕ್ಕೆ ಒಯ್ದರೂ ಅಷ್ಟೇ, ಬೆಂಗಳೂರಿಗೆ ಒಯ್ದರೂ ಅಷ್ಟೇ. ಉಳಿಸುವ ಔಷಧಿ ಎಲ್ಲೂ ಇಲ್ಲ.

"ಹತ್ತು ದಿನ ನೋಡೋಣ, ನಾಯಿ ಸತ್ತರೆ ಇಂಜೆಕ್ಷನ್" ಎಂಬ ಮಾತು ನಮ್ಮ ಕಡೆ ಬಹಳ ಬೇರೂರಿದೆ. ಹತ್ತು ದಿನದ ನಿಯಮ ಇರುವುದು ನಿಜ. ರೇಬೀಸ್ ಹಿಡಿದ ನಾಯಿಯ ಎಂಜಲಿಗೆ ರೋಗಾಣು ಬರುವುದು ಲಕ್ಷಣ ಕಾಣುವ ಕೆಲವು ದಿನ ಮೊದಲು. ಕಚ್ಚಿದ ಹತ್ತು ದಿನದ ನಂತರವೂ ನಾಯಿ ಆರೋಗ್ಯವಾಗಿದ್ದರೆ, ಕಚ್ಚಿದ ದಿನ ಅದರ ಎಂಜಲಿನಲ್ಲಿ ರೋಗಾಣು ಇರಲಿಲ್ಲವೆಂದು ಅರ್ಥ. ಆದರೆ ನಿಯಮ ಹೇಳುವುದು ಚುಚ್ಚುಮದ್ದು ಶುರು ಮಾಡಿ, ಜೊತೆಗೆ ನಾಯಿಯನ್ನು ಗಮನಿಸಿ ಎಂದು. ನಾಯಿ ಚೆನ್ನಾಗಿಯೇ ಇದ್ದರೆ ಮುಂದಿನ ಚುಚ್ಚುಮದ್ದು ಹೇಗೆ ಎಂಬುದನ್ನು ವೈದ್ಯರು ತೀರ್ಮಾನಿಸುತ್ತಾರೆ. ನಾವು ಅರ್ಧ ನಿಯಮ ಇಟ್ಟುಕೊಂಡು ಅರ್ಧ ಬಿಟ್ಟಿದ್ದೇವೆ. ಮರಿಯ ವಿಷಯದಲ್ಲಂತೂ ಕಾದು ನೋಡುವುದೇ ಕಷ್ಟ: ಇವತ್ತು ಇದ್ದ ಮರಿ ನಾಳೆ ಜೀಪಿನಡಿ ಸಿಕ್ಕಿತೋ, ಚಿರತೆ ಒಯ್ದಿತೋ, ಯಾರೋ ಚೀಲಕ್ಕೆ ಹಾಕಿ ಪೇಟೆಯ ಬದಿಗೆ ಬಿಟ್ಟು ಬಂದರೋ, ಹೇಳುವವರು ಯಾರು?

ಕಚ್ಚಿದ ತಕ್ಷಣದ ಕೆಲಸ ಮನೆಯಲ್ಲೇ ಆಗಬೇಕು. ಹರಿಯುವ ನೀರು, ಸೋಪು, ಹದಿನೈದು ನಿಮಿಷ. ಬಟ್ಟೆ ಸೋಪೂ ಆದೀತು. ರೋಗಾಣುವಿನ ಹೊರಪದರ ಕೊಬ್ಬಿನಂಶದ್ದಾದ್ದರಿಂದ ಸೋಪು ಅದನ್ನು ಒಡೆಯುತ್ತದೆ. ನಮ್ಮಲ್ಲಿ ಅಬ್ಬಿ ನೀರು, ಪೈಪಿನ ನೀರು ಅಂಗಳದಲ್ಲೇ ಹರಿಯುವಾಗ ಇದಕ್ಕೆ ಬಡತನವಿಲ್ಲ. ಹದಿನೈದು ನಿಮಿಷವೆಂದರೆ ಗಡಿಯಾರ ನೋಡಿ ಹದಿನೈದು ನಿಮಿಷ. ಕೈ ತೊಳೆದ ಶಾಸ್ತ್ರ ಸಾಲದು. ಆಮೇಲೆ ಅಯೋಡಿನ್ ಇದ್ದರೆ ಹಚ್ಚಬಹುದು. ಸುಣ್ಣ, ಅರಿಶಿನ, ಸೀಮೆಎಣ್ಣೆ, ಮೆಣಸಿನ ಪುಡಿ, ಹೊಗೆಸೊಪ್ಪು ಯಾವುದೂ ಬೇಡ. ಕಾಫಿ ಪುಡಿ ಮೆತ್ತುವುದೂ ಬೇಡ. ಕಾಫಿಯ ಮೇಲೆ ನಮಗಿರುವ ಅಭಿಮಾನ ಯಾರಿಗೂ ಕಡಿಮೆಯದಲ್ಲ, ಆದರೆ ಅದರ ಜಾಗ ಲೋಟ. ಗಾಯ ಉಜ್ಜಿ ಕೆರಳಿಸಿದರೆ ರೋಗಾಣುವಿಗೆ ನಾವೇ ದಾರಿ ಮಾಡಿಕೊಟ್ಟಂತೆ.

ಇನ್ನು ಚುಚ್ಚುಮದ್ದು. ಇಲ್ಲಿ ಹಳಬರ ಹೆದರಿಕೆಗೆ ಕಾರಣವಿದೆ. 1900ರಲ್ಲಿ ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ, 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆಗಳು ಆರಂಭವಾದವು. ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಎಂಬ ವೈದ್ಯರು ರೂಪಿಸಿದ ಲಸಿಕೆ ಕುರಿಯ ಮಿದುಳಿನಿಂದ ಮಾಡಿದ್ದು. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚು. ನಮ್ಮ ಪ್ರಾಯದವರೆಲ್ಲ ಬಾಲ್ಯದಲ್ಲಿ ಹೆದರಿದ್ದು ಅದಕ್ಕೇ. ನಾಯಿ ಕಚ್ಚಿದ್ದನ್ನು ಮನೆಯಲ್ಲಿ ಬಚ್ಚಿಟ್ಟ ಹುಡುಗರೂ ಇದ್ದರು. ಸುಮಾರು ತೊಂಬತ್ತು ವರ್ಷ ಚಲಾವಣೆಯಲ್ಲಿದ್ದ ಆ ಲಸಿಕೆಯನ್ನು ನಮ್ಮ ದೇಶದಲ್ಲಿ 2004ರ ಕೊನೆಗೆ ನಿಲ್ಲಿಸಲಾಯಿತು. ಈಗಿನದು ಜೀವಕೋಶಗಳಲ್ಲಿ ಬೆಳೆಸಿದ ಶುದ್ಧ ಲಸಿಕೆ, ಕೊಡುವುದು ತೋಳಿಗೆ. ಥಾಯ್ಲೆಂಡಿನಲ್ಲಿ ರೂಢಿಗೆ ಬಂದು ನಮ್ಮಲ್ಲಿ 2006ರಲ್ಲಿ ಒಪ್ಪಿಗೆ ಪಡೆದ ಚರ್ಮದೊಳಗಿನ ಕ್ರಮದಲ್ಲಾದರೆ ನಾಲ್ಕು ಭೇಟಿ: ಮೊದಲ ದಿನ, ಮೂರನೆಯ, ಏಳನೆಯ ಮತ್ತು ಇಪ್ಪತ್ತೆಂಟನೆಯ ದಿನ. ಮಾಂಸಖಂಡಕ್ಕೆ ಕೊಡುವ ಕ್ರಮದಲ್ಲಿ ಹದಿನಾಲ್ಕನೆಯ ದಿನವೂ ಸೇರಿ ಐದು. ಲೆಕ್ಕ ತಪ್ಪುವುದು ಎಲ್ಲಿ ಎಂದರೆ, ಮೊದಲ ದಿನವನ್ನು ಸೊನ್ನೆ ಎಂದು ಹಿಡಿಯಬೇಕು. ಸೋಮವಾರ ಶುರುವಾದರೆ ಗುರುವಾರ, ಮುಂದಿನ ಸೋಮವಾರ, ಅಲ್ಲಿಂದ ಮೂರನೆಯ ಸೋಮವಾರ. ಗರ್ಭಿಣಿಯರಿಗೂ, ಹಾಲೂಡಿಸುವ ತಾಯಂದಿರಿಗೂ ಕೊಡಬಹುದು. ಪಥ್ಯವೇನೂ ಇಲ್ಲ.

ರಕ್ತ ಬಂದ ಗಾಯಕ್ಕೆ ಲಸಿಕೆಯೊಂದೇ ಸಾಲದು ಎಂಬುದು ವಿದ್ಯಾವಂತ ಸದಸ್ಯರಲ್ಲೂ ಹಲವರಿಗೆ ಗೊತ್ತಿಲ್ಲ. ಲಸಿಕೆಯಿಂದ ದೇಹದಲ್ಲಿ ರಕ್ಷಣೆ ಹುಟ್ಟಲು ಒಂದೆರಡು ವಾರ ಬೇಕು. ಆ ಅವಧಿಗೆ ಸಿದ್ಧ ರಕ್ಷಣೆಯಾಗಿ ಇಮ್ಯೂನೋಗ್ಲೋಬ್ಯುಲಿನ್ ಎಂಬ ಸೀರಮ್ಮನ್ನು ಗಾಯದ ಒಳಗೂ ಸುತ್ತಲೂ ಚುಚ್ಚುತ್ತಾರೆ. ಮೊದಲ ದಿನವೇ ಆಗಬೇಕು. ತಪ್ಪಿದರೆ ಮೊದಲ ಲಸಿಕೆಯಿಂದ ಏಳು ದಿನದೊಳಗೆ. ಮರಿಯ ಹಲ್ಲಿನ ಚುಕ್ಕೆ ಗಾಯವೂ ಚರ್ಮ ದಾಟಿದ್ದರೆ ಇದೇ ವರ್ಗಕ್ಕೆ ಸೇರುತ್ತದೆ. ಆಸ್ಪತ್ರೆಯಲ್ಲಿ "ಸಣ್ಣ ಮರಿ ಸ್ವಾಮಿ, ತರಚಿದ್ದು" ಎಂದು ನಾವೇ ಹಗುರ ಮಾಡಿ ಹೇಳಿದರೆ ಅವರು ಹಗುರವಾಗಿಯೇ ಬರೆದುಕೊಳ್ಳುತ್ತಾರೆ. ರಕ್ತ ಬಂದಿತ್ತು ಎಂದು ಸ್ಪಷ್ಟವಾಗಿ ಹೇಳಬೇಕು, ಸೀರಮ್ ಕೇಳಬೇಕು, ಅಲ್ಲಿ ಇಲ್ಲವೆಂದರೆ ಎಲ್ಲಿದೆ ಎಂದು ಕೇಳಿ ಅಂದೇ ಅಲ್ಲಿಗೆ ಹೋಗಬೇಕು. ಹಿಂದೆ ಪೂರ್ತಿ ಚುಚ್ಚುಮದ್ದು ಆದವರಿಗೆ ಮತ್ತೆ ಕಚ್ಚಿದರೆ ಸೀರಮ್ ಬೇಕಿಲ್ಲ, ಎರಡೇ ಚುಚ್ಚು. ಆದ್ದರಿಂದ ಹಳೆಯ ಚೀಟಿ ಜೋಪಾನ.

ನಾಟಿ ಔಷಧಿ ಕೊಡುವವರ ಬಗ್ಗೆ ನಮಗೆ ಅಗೌರವವಿಲ್ಲ; ಬೇರೆ ಹಲವು ತೊಂದರೆಗಳಿಗೆ ಅವರಲ್ಲಿ ಹೋಗುವವರು ಹೋಗಲಿ. ನಾಯಿ ಕಡಿತಕ್ಕೆ ಸೊಪ್ಪಿನ ರಸ ಕುಡಿದು ನೂರು ಜನ ಬದುಕಿದ್ದಾರೆ ಎಂಬ ಮಾತೂ ಸುಳ್ಳಲ್ಲ. ಕಚ್ಚುವ ನಾಯಿಗಳಲ್ಲಿ ಬಹುಪಾಲಿಗೆ ರೇಬೀಸ್ ಇರುವುದಿಲ್ಲ, ಔಷಧಿ ಕುಡಿಯದಿದ್ದರೂ ಆ ನೂರು ಜನ ಬದುಕುತ್ತಿದ್ದರು. ನೂರ ಒಂದನೆಯವನನ್ನು ಕಚ್ಚಿದ ನಾಯಿಗೆ ರೋಗವಿದ್ದಾಗ ಸೊಪ್ಪು ಕೈ ಬಿಡುತ್ತದೆ. ಅಷ್ಟರಲ್ಲಿ ದಿನವೂ ಕಳೆದಿರುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ನಾವು ಬೆಳೆಗಾರರೊಡನೆ ಮಾತಾಡಬೇಕಾದದ್ದು ಲೈನಿನ ವಿಷಯ. 2003ರಲ್ಲಿ ನಡೆದ ಒಂದು ಸಮೀಕ್ಷೆ ದೇಶದಲ್ಲಿ ವರ್ಷಕ್ಕೆ 20,565 ಜನ ರೇಬೀಸ್‌ನಿಂದ ಸಾಯುತ್ತಾರೆಂದು ಅಂದಾಜು ಮಾಡಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿ 2024ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜು 5,726. ಇಳಿದಿರುವುದು ಸಂತೋಷವೇ. ಆದರೆ ಅದೇ ಅಧ್ಯಯನ ಕಂಡಂತೆ ನಾಯಿ ಕಚ್ಚಿಸಿಕೊಂಡ ಐವರಲ್ಲಿ ಒಬ್ಬರು ಒಂದು ಚುಚ್ಚುಮದ್ದನ್ನೂ ಪಡೆದಿರಲಿಲ್ಲ. ಶುರು ಮಾಡಿದವರಲ್ಲೂ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಪೂರ್ತಿ ಮಾಡಿರಲಿಲ್ಲ. ಆ ಅರ್ಧದಲ್ಲಿ ನಮ್ಮ ತೋಟಗಳಿಗೆ ಬರುವಂಥವರೇ ಇರುತ್ತಾರೆ ಎಂದು ಊಹಿಸಲು ಕಷ್ಟವಿಲ್ಲ. ಲಸಿಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಅಲ್ಲಿಗೆ ಹೋಗಿಬರುವ ದಿನದ ಕೂಲಿ ಉಚಿತವಲ್ಲ. ಮಗುವನ್ನು ಕರೆದುಕೊಂಡು ತಾಯಿ ನಾಲ್ಕು ಸಲ ಶೃಂಗೇರಿಗೋ ಕೊಪ್ಪಕ್ಕೋ ಹೋದರೆ ನಾಲ್ಕು ದಿನದ ಕೂಲಿ, ಬಸ್ಸಿನ ಚಾರ್ಜು. ಮೂರನೆಯ ಸಲದ ಹೊತ್ತಿಗೆ ಗಾಯ ಮಾಸಿರುತ್ತದೆ, ಕೊಯ್ಲೂ ಮುಗಿಯುತ್ತ ಬಂದಿರುತ್ತದೆ, ಬಯಲುಸೀಮೆಯವರು, ಅಸ್ಸಾಮಿನವರು ಗಂಟುಮೂಟೆ ಕಟ್ಟುತ್ತಾರೆ. ಇಪ್ಪತ್ತೆಂಟನೆಯ ದಿನ ಯಾರಿಗೂ ನೆನಪಿರುವುದಿಲ್ಲ.

ಹೋದ ಕೊಯ್ಲಿನಲ್ಲಿ ನಮ್ಮ ಭಾಗದ ಒಂದು ಲೈನಿನಲ್ಲಿ ಇಂಥದೇ ಆಯಿತು. ಎರಡು ತಿಂಗಳ ಮರಿ ಮೂರು ಮಕ್ಕಳಿಗೂ ಒಬ್ಬ ಮುದುಕಿಗೂ ಹಲ್ಲು ತಾಗಿಸಿ ನಾಲ್ಕನೆಯ ದಿನ ಸತ್ತಿತು. ಹೂಳುವಾಗ ರೈಟರು ಯಾರಿಗೆಲ್ಲ ಕಚ್ಚಿದೆ ಎಂದು ಮನೆಮನೆ ವಿಚಾರಿಸಿದ್ದರಿಂದ ಸಂಗತಿ ಹೊರಬಿತ್ತು. ಅಂದೇ ಜೀಪಿನಲ್ಲಿ ನಾಲ್ವರೂ ಆಸ್ಪತ್ರೆಗೆ ಹೋದರು. ಎರಡು ಚುಚ್ಚು ಆದ ಮೇಲೆ ಒಂದು ಸಂಸಾರ ಊರಿಗೆ ಹೊರಟಿತು. ತೋಟದವರು ಕೂಲಿ ಲೆಕ್ಕ ಮಾಡುವಾಗ ಚೀಟಿಯನ್ನು ಪ್ಲಾಸ್ಟಿಕ್ ಲಕೋಟೆಗೆ ಹಾಕಿ ಕೊಟ್ಟು, ಉಳಿದ ತಾರೀಕುಗಳನ್ನು ಮೇಸ್ತ್ರಿಯ ಫೋನಿಗೆ ಹಾಕಿಸಿದರು. ಮಗುವಿಗೆ ಬಾಕಿ ಚುಚ್ಚು ಅವರ ಊರಿನ ಆರೋಗ್ಯ ಕೇಂದ್ರದಲ್ಲೇ ಆಯಿತು. ಮರಿಗೆ ರೇಬೀಸ್ ಇತ್ತೋ ಇಲ್ಲವೋ ಈಗಲೂ ಗೊತ್ತಿಲ್ಲ. ತಿಳಿಯಬೇಕಿದ್ದರೆ ಹೂಳುವ ಮೊದಲೇ ಪಶುವೈದ್ಯರಿಗೆ ಹೇಳಿ ಮಿದುಳಿನ ಮಾದರಿಯನ್ನು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ರೇಬೀಸ್ ಪ್ರಯೋಗಾಲಯಕ್ಕೆ ಕಳಿಸಬೇಕಿತ್ತು. ಅದರ ಫಲಿತಾಂಶಕ್ಕಾಗಿ ಚುಚ್ಚುಮದ್ದು ಕಾಯುವುದಂತೂ ಬೇಡ. ಆಸ್ಪತ್ರೆಗೆ ಹೋದ ದಿನಕ್ಕೂ ಕೂಲಿ ಕೊಡುವುದೆಂದು ಆ ತೋಟದವರು ಆಗಲೇ ತೀರ್ಮಾನಿಸಿದರು. ನಾಲ್ಕು ದಿನದ ಕೂಲಿ ಯಾವ ಬೆಳೆಗಾರನನ್ನೂ ಮುಳುಗಿಸದು. ಉಳಿದವರೂ ಹೀಗೆ ಮಾಡಬೇಕೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ನಾಯಿಗಳ ಕಡೆಗೂ ಬರೋಣ. ಮಲೆನಾಡಿನ ತೋಟದ ನಾಯಿಗೆ ಆಯುಸ್ಸು ಕಡಿಮೆ. ಚಿರತೆ ಒಯ್ಯುತ್ತದೆ, ಹಂದಿ ಸೀಳುತ್ತದೆ, ಹಾವು ಕಚ್ಚುತ್ತದೆ. ಒಂದು ಹೋದರೆ ಇನ್ನೊಂದು ಮರಿ ತರುತ್ತೇವೆ. ಹೀಗಾಗಿ ಊರಿನ ನಾಯಿಗಳಲ್ಲಿ ಯಾವಾಗಲೂ ಎಳೆಯವೇ ಹೆಚ್ಚು. ಊರಿನ ನಾಯಿಗಳಲ್ಲಿ ನೂರಕ್ಕೆ 70ಕ್ಕೆ ಲಸಿಕೆ ಆದರೆ ರೋಗದ ಸರಪಳಿ ತುಂಡಾಗುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ನಮ್ಮಲ್ಲಿ ಈ ವರ್ಷ 70 ಮಾಡಿದರೂ ಬರುವ ವರ್ಷಕ್ಕೆ ಅವುಗಳಲ್ಲಿ ಎಷ್ಟೋ ಇಲ್ಲವಾಗಿ ಅವುಗಳ ಜಾಗದಲ್ಲಿ ಲಸಿಕೆಯಿಲ್ಲದ ಮರಿಗಳಿರುತ್ತವೆ. ಪಕ್ಕದ ಗೋವಾ ವರ್ಷ ವರ್ಷವೂ ಬಿಡದೆ ಹಾಕಿಸುತ್ತ ಬಂದದ್ದರಿಂದಲೇ 2021ರಲ್ಲಿ ರೇಬೀಸ್ ನಿಯಂತ್ರಿತ ರಾಜ್ಯವೆಂದು ಘೋಷಿಸಿಕೊಂಡಿತು. ಮರಿಗೆ ಮೂರು ತಿಂಗಳಿಗೆ ಒಂದು, ಒಂದು ತಿಂಗಳು ಬಿಟ್ಟು ಇನ್ನೊಂದು, ಆಮೇಲೆ ವರ್ಷಕ್ಕೊಮ್ಮೆ. ಸಾಮೂಹಿಕ ಶಿಬಿರಗಳಲ್ಲಿ ಮೂರು ತಿಂಗಳ ಒಳಗಿನ ಮರಿಗಳನ್ನೂ ಬಿಡದೆ ಹಾಕಬೇಕೆಂದೇ ತಜ್ಞರ ಸಲಹೆ. ಅಂಥವಕ್ಕೆ ಮೂರು ತಿಂಗಳು ತುಂಬಿದ ಮೇಲೆ ಮತ್ತೆ ಹಾಕಿಸಿದರಾಯಿತು. ಹೆಣ್ಣು ಮರಿಯನ್ನು ಪೇಟೆ ಬದಿಗೆ ಬಿಟ್ಟು ಬರುವ ಪದ್ಧತಿಯನ್ನೂ ನಿಲ್ಲಿಸಬೇಕು. ಹಾಗೆ ಬಿಟ್ಟದ್ದು ಮುಂದಿನ ವರ್ಷ ಆರು ಮರಿ ಹಾಕುತ್ತದೆ.

ದನದ ವಿಷಯ ಒಂದು ಮಾತು. ಮರಿಯೇ ಕಚ್ಚಲಿ, ನಾಯಿಯೇ ಕಚ್ಚಲಿ, ಕಚ್ಚಿಸಿಕೊಂಡ ದನಕ್ಕೂ ಗಾಯ ತೊಳೆದು ಪಶುವೈದ್ಯರಿಂದ ಚುಚ್ಚುಮದ್ದು ಶುರು ಮಾಡಿಸಬೇಕು. ಹಸು ಜೊಲ್ಲು ಸುರಿಸಿ ನುಂಗಲಾರದೆ ಒದ್ದಾಡುವಾಗ ಹಲಸಿನ ಬೀಜವೋ ಮಾವಿನ ಓಟೆಯೋ ಸಿಕ್ಕಿದೆಯೆಂದು ಬರಿಗೈ ಒಳಗೆ ಹಾಕಬೇಡಿ. ಹಾಲನ್ನು ಚೆನ್ನಾಗಿ ಕಾಯಿಸಿದರೆ ಭಯವಿಲ್ಲ. ಆದರೆ ಸಂಶಯ ಬಂದ ಹಸುವಿನ ಹಾಲನ್ನು ಬಳಸದೆ ಚೆಲ್ಲುವುದೇ ಸರಿ.

ಸಂಘದ ಗೊಬ್ಬರದ ಗೋದಾಮಿನಲ್ಲಿ ತೂಕದ ಕಟ್ಟೆಯ ಪಕ್ಕ ಒಂದು ಪುಸ್ತಕ ಇರಿಸಿದ್ದೇವೆ. ಸದಸ್ಯರು ಗೊಬ್ಬರಕ್ಕೋ ಮೈಲುತುತ್ತಕ್ಕೋ ಬಂದಾಗ ತಮ್ಮ ಮನೆ ಮತ್ತು ಲೈನಿನಲ್ಲಿ ಎಷ್ಟು ನಾಯಿ, ಎಷ್ಟು ಮರಿ, ಮರಿಗಳು ಹುಟ್ಟಿದ ತಿಂಗಳು ಯಾವುದು ಎಂದು ಬರೆಸಿ ಹೋಗಬೇಕು. ಐವತ್ತು ತುಂಬಿದರೆ ಪಶುವೈದ್ಯರನ್ನು ಅಡ್ಡಗದ್ದೆಗೇ ಕರೆಸಿ ಶಿಬಿರ ಇಡಿಸುವ ಉದ್ದೇಶವಿದೆ. ಅಂದು ನಾಯಿಯನ್ನು ಹಿಡಿದು ನಿಲ್ಲಿಸಬಲ್ಲವರೇ ಜೊತೆಗೆ ಬರಲಿ, ಮಕ್ಕಳ ಕೈಯಲ್ಲಿ ಹಗ್ಗ ಕೊಟ್ಟು ಕಳಿಸಬೇಡಿ.